ಹುಲ್ಲಿನ ಗಾಡಿಯ ಕೆಳಗೆ ಸಿಕ್ಕ ಆಕ್ಸಲ್

ಕೋವಿಡ್ ಕಳೆದ ಮರುವರ್ಷದ ಮಾತು. ಚನ್ನಪಟ್ಟಣದ ಹಳೇ ಬೆಂಗಳೂರು ರಸ್ತೆಯಲ್ಲಿ ನನ್ನ ಗ್ಯಾರೇಜು ಇನ್ನೂ ನಡೆಯುತ್ತಿತ್ತು. ಹೊಸ ಕಾರುಗಳೆಲ್ಲ ಷೋರೂಮಿಗೇ ಹೋಗುತ್ತಿದ್ದುದರಿಂದ ನನಗೆ ಉಳಿದದ್ದು ಹಳೆಯ ಕಾರುಗಳು. ಅವುಗಳಲ್ಲಿ ನನ್ನ ಹೆಮ್ಮೆಯದು ರಾಮನಗರದಲ್ಲಿ ರೇಷ್ಮೆ ನೂಲು ತೆಗೆಸುವ ನಂಜೇಗೌಡರ ಕಪ್ಪು ಲ್ಯಾಂಡ್‌ಮಾಸ್ಟರ್. ಐವತ್ತರ ದಶಕದಲ್ಲಿ ಅವರ ತಂದೆ ಕೊಂಡದ್ದು. ನಾನು ಗ್ಯಾರೇಜು ತೆರೆದ ಮೇಲೆ ಬೇರೆ ಯಾರೂ ಅದಕ್ಕೆ ಸ್ಪ್ಯಾನರ್ ಹಾಕಿರಲಿಲ್ಲ.

ಆ ವರ್ಷ ಅದರ ಹಿಂದಿನ ಆಕ್ಸಲ್ ಕೂಗತೊಡಗಿತು. ಎಂಜಿನ್ನಿನ ಶಕ್ತಿಯನ್ನು ಹಿಂಚಕ್ರಗಳಿಗೆ ದಾಟಿಸುವ ಕ್ರೌನ್ ಮತ್ತು ಪಿನಿಯನ್ ಎಂಬ ಹಲ್ಲುಚಕ್ರಗಳ ಜೋಡಿ ಅದರೊಳಗಿರುತ್ತದೆ. ಬಿಚ್ಚಿ ನೋಡಿದರೆ ಹಲ್ಲು ಮುರಿದಿತ್ತು. ಸರಿಯಾದ ಜೋಡಿ ಸಿಗುವ ತನಕ ಕಾಯಬೇಕು ಎಂದೆ. ಗೌಡರು ಕೆಲವು ತಿಂಗಳು ಕಾದು, ಕೊನೆಗೆ ಕಾರನ್ನು ಎಳೆಸಿಕೊಂಡು ರಾಮನಗರದ ಲಿಂಗರಾಜುವಿನ ಹತ್ತಿರ ಹೋದರು.

ಲಿಂಗರಾಜುವೂ ನಾನೂ ಒಬ್ಬನೇ ಮೇಸ್ತ್ರಿಯ ಕೈಕೆಳಗೆ ಕೆಲಸ ಕಲಿತವರು. ಆಗಲೂ ಅವನು ಪಾಲಿಷ್ ಬಟ್ಟೆ ಹಿಡಿದು ಗಿರಾಕಿಯ ಪಕ್ಕದಲ್ಲಿರುತ್ತಿದ್ದ, ನಾನು ಕಾರಿನ ಕೆಳಗಿರುತ್ತಿದ್ದೆ. ಈಗ ಅವನ ಷೆಡ್ಡಿನ ಮುಂದೆ ಬೆಂಗಳೂರಿನವರ ಕಾರುಗಳ ಸಾಲು, ಮೊಬೈಲಿನಲ್ಲಿ ಅವನದೇ ವಿಡಿಯೊ. ನನ್ನ ಕೈಲಿ ತಿಂಗಳುಗಟ್ಟಲೆ ಆಗದ್ದನ್ನು, ಎಲ್ಲಿಂದಲೋ ಇಡೀ ಆಕ್ಸಲನ್ನೇ ತಂದು ಕೂರಿಸಿ, ಒಂದೇ ವಾರದಲ್ಲಿ ಮುಗಿಸಿದನಂತೆ. ಕೇಳಿ ಹೊಟ್ಟೆ ಉರಿಯಿತು.

ಸ್ವಲ್ಪ ದಿನದಲ್ಲೇ ಗೌಡರು ನನ್ನ ಬಾಗಿಲಿಗೆ ಬಂದರು. ಮಗಳ ಅತ್ತೆ ಮಾವನನ್ನು ಕಾರಿನಲ್ಲಿ ಕೂರಿಸಿಕೊಂಡು ಮಾಗಡಿಯಿಂದ ಸಾವನದುರ್ಗಕ್ಕೆ ಹೊರಟಿದ್ದರಂತೆ. ಸಮತಟ್ಟಿನಲ್ಲಿ ಜೋರಾಗಿ ಓಡಿದ ಕಾರು ದಿಣ್ಣೆಯಲ್ಲಿ ಏದುಸಿರು ಬಿಟ್ಟು ನಿಂತಿತು.

"ಬೀಗರ ಕೈಲಿ ಕಾರು ತಳ್ಳುಸ್ಬುಟ್ಟ ಕಣಪ್ಪ ಅವ್ನು. ರೇಷ್ಮೆ ಪಂಚೆ ಉಟ್ಕಂಡು ತಳ್ಳುದ್ರು. ಸರಿ ಮಾಡ್ಕೊಡು ರಾಜಣ್ಣ, ಇನ್ಮೇಲೆ ಈ ಕಾರು ನಿನ್ ಕೈಗೇ" ಎಂದರು.

ನನಗಾದ ಸಂತೋಷಕ್ಕೆ ಗೌಡರಿಗೆ ಎರಡು ಸಲ ಕಾಫಿ ತರಿಸಿದೆ.

ಆಕ್ಸಲನ್ನು ಗುರುತಿಸುವ ಕ್ರಮ ಸುಲಭ. ಗೇರನ್ನು ನ್ಯೂಟ್ರಲ್ಲಿಗೆ ತಂದು, ಒಂದು ಹಿಂಚಕ್ರವನ್ನು ನೆಲದ ಮೇಲೇ ಬಿಟ್ಟು, ಇನ್ನೊಂದನ್ನು ಜಾಕ್ ಕೊಟ್ಟು ಎತ್ತಬೇಕು. ಎತ್ತಿದ ಚಕ್ರಕ್ಕೆ ಸೀಮೆಸುಣ್ಣದ ಗುರುತು ಹಾಕಿ ಎರಡು ಸುತ್ತು ತಿರುಗಿಸಬೇಕು. ಅಷ್ಟರಲ್ಲಿ ಗೇರ್‌ಬಾಕ್ಸಿನಿಂದ ಪಿನಿಯನ್ನಿಗೆ ಬರುವ ಉದ್ದನೆಯ ಪ್ರೊಪೆಲ್ಲರ್ ಷಾಫ್ಟ್ ಎಷ್ಟು ಸುತ್ತುತ್ತದೋ ಅದೇ ಆಕ್ಸಲ್ಲಿನ ರೇಷಿಯೊ. ಈ ಕಾರಿಗೆ ಐದಕ್ಕೆ ಚೂರು ಕಡಿಮೆ ಬರಬೇಕು. ಬಂದದ್ದು ನಾಲ್ಕರ ಮೇಲೆ ಚೂರು. ಹೈವೇಯಲ್ಲಿ ಓಡುವ ಈಚಿನ ಗಾಡಿಯ ಹಲ್ಲುಗಳವು. ದಿಣ್ಣೆ ಹತ್ತಿಸಲು ಹಳೆಯ ಎಂಜಿನ್ನಿಗೆ ಶಕ್ತಿ ಸಾಲುವುದಿಲ್ಲ. ಕೆಣಕಬೇಕೆಂದೇ ಲಿಂಗರಾಜುವಿಗೆ ಫೋನು ಮಾಡಿದೆ. "ಹೌಸಿಂಗ್ ಮೇಲಿರೋ ನಂಬರ್ ನೋಡೇ ಹಾಕಿವ್ನಿ ಕಣ್ಲಾ" ಎಂದ. ಆ ನಂಬರು ಹೊರಗಿನ ಕವಚದ್ದು. ನಮ್ಮ ಕಡೆ ಟ್ಯಾಕ್ಸಿಯವರು ಕವಚ ಹಾಗೇ ಬಿಟ್ಟು ಒಳಗಿನದನ್ನು ಎಷ್ಟು ಸಲ ಬದಲಾಯಿಸಿರುತ್ತಾರೋ ಯಾರಿಗೆ ಗೊತ್ತು.

ಸರಿಯಾದದ್ದು ಎಲ್ಲಿದೆ? ಗುಜರಿಯಲ್ಲಿ ಹುಡುಕಿ ಸೋತಿದ್ದೆ. ಈ ಸಲ ಎತ್ತಿನ ಗಾಡಿಗಳ ಕೆಳಗೆ ಬಗ್ಗಿ ನೋಡತೊಡಗಿದೆ. ಹಳೆಯ ಕಾರು ಮುರಿದಾಗ ಅದರ ಹಿಂದಿನ ಆಕ್ಸಲನ್ನು ಟೈರಿನ ಸಮೇತ ಗಾಡಿಗೆ ಕಟ್ಟಿಕೊಳ್ಳುವುದು ನಮ್ಮ ರೈತರ ರೂಢಿ. ಬೈರಮಂಗಲದ ಕೆಂಪಮ್ಮನ ಹುಲ್ಲಿನ ಗಾಡಿಯಡಿ ಅಂಥದೊಂದಿತ್ತು. ಗಾಡಿ ಖಾಲಿ ಮಾಡಿಸಿ, ಒಂದು ಬದಿ ಎತ್ತಿ, ಚಕ್ರ ತಿರುಗಿಸಿ, ಷಾಫ್ಟ್ ಇಲ್ಲದ್ದರಿಂದ ಪಿನಿಯನ್ನಿನ ಮೂತಿಯ ಸುತ್ತನ್ನೇ ಎಣಿಸಿದೆ. ಐದಕ್ಕೆ ಚೂರು ಕಡಿಮೆ.

"ಅದೇನ್ ಬೇಕೋ ಬಿಚ್ಕೊ. ನಂಗೆ ಸಂಜಿಕೆ ಹುಲ್ಲು ಬಂದ್ರೆ ಸಾಕು" ಎಂದಳು ಆಕೆ.

ಗಾಡಿಯನ್ನು ಎಳೆಯುವುದು ಎತ್ತು. ಅದಕ್ಕೆ ರೇಷಿಯೊ ಯಾವುದಾದರೇನು? ಲಿಂಗರಾಜುವಿನ ಆಕ್ಸಲಿಗೆ ಹೊಸ ಬೇರಿಂಗ್ ಹಾಕಿ ಕೆಂಪಮ್ಮನ ಗಾಡಿಗೆ ಕಟ್ಟಿಕೊಟ್ಟೆ. ಅದು ಹುಲ್ಲು ಹೊತ್ತು ಹೊರಟಾಗ ನನಗಾದ ತೃಪ್ತಿಯನ್ನು ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಗಾಡಿಯಡಿಯಿಂದ ಬಂದದ್ದನ್ನು ಬಿಚ್ಚಿ, ತೊಳೆದು, ಹಲ್ಲಿನ ನಡುವಿನ ಸಂದು ಹೊಂದಿಸಿ, ಕಾರಿನದೇ ಬ್ರೇಕುಗಳನ್ನು ಅದಕ್ಕೆ ಕೂರಿಸಿದೆ. ಗೌಡರು ಅದೇ ಬೀಗರನ್ನು ಕೂರಿಸಿಕೊಂಡು ಅದೇ ದಿಣ್ಣೆ ಹತ್ತಿದರು. ಯಾರೂ ಇಳಿಯಬೇಕಾಗಲಿಲ್ಲ. ಕಾರು ಮರಳಿ ನನ್ನದಾಯಿತು ಎಂದುಕೊಂಡೆ.

ಆಮೇಲೆ ಅದು ನನ್ನ ಗ್ಯಾರೇಜಿಗೆ ಬಂದೇ ಇಲ್ಲ. ಕೆಟ್ಟರೆ ತಾನೆ ಬರುವುದು? ಆಯುಧಪೂಜೆಗೆ ಪಾಲಿಷ್ ಮಾಡಿಸಲು, ಕ್ರೋಮ್ ಹೊಳೆಯಿಸಲು ಗೌಡರು ಅದನ್ನು ಒಯ್ಯುವುದು ಮನೆಗೆ ಹತ್ತಿರದ ಲಿಂಗರಾಜುವಿನ ಷೆಡ್ಡಿಗೆ. ಹೋದ ವರ್ಷದ ವಿಡಿಯೊದಲ್ಲಿ ಅವನು ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದ. ಕೆಲಸ ಪಕ್ಕಾ ಆದಷ್ಟೂ ಅದನ್ನು ಮಾಡಿದವನ ನೆನಪು ಗಿರಾಕಿಗೆ ಬರುವುದಿಲ್ಲ. ಈ ವೃತ್ತಿ ನನಗೆ ಕಲಿಸಿದ್ದು ಇದನ್ನೇ. ಕಲಿತಿದ್ದೇನೆ, ಹೊಟ್ಟೆಕಿಚ್ಚು ಮಾತ್ರ ಆರಿಲ್ಲ. ಆಗೊಮ್ಮೆ ಈಗೊಮ್ಮೆ ನಾನೇ ಗೌಡರಿಗೆ ಫೋನು ಮಾಡಿ, ಹಿಂದಿನಿಂದ ಏನಾದರೂ ಸದ್ದು ಬರುತ್ತಿದೆಯೇ ಎಂದು ವಿಚಾರಿಸುತ್ತೇನೆ.

"ಒಸೀನೂ ಇಲ್ಲ ಕಣಪ್ಪ" ಎನ್ನುತ್ತಾರೆ ಅವರು, ಖುಷಿಯಿಂದ.