ಇತಿಹಾಸ ಬೇಡವೆಂದ ಮನೆಯೊಡತಿ

ತುದಿಯಲ್ಲಿ ಸ್ವಲ್ಪ ಮೇಲಕ್ಕೆದ್ದ ಮೊಂಡು ಮೂಗು ಅವರದು. ಎದುರಿಗೆ ಯಾರು ಬಂದು ನಿಂತರೂ ಮೊದಲು ಅದರ ಹೊಳ್ಳೆಗಳು ಅರಳುತ್ತಿದ್ದವು, ಕಣ್ಣು ನೋಡುವುದು ಆಮೇಲೆ. ನಾನು ಬಾಡಿಗೆಗೆ ಕೋಣೆ ಕೇಳಿಕೊಂಡು ಹೋದ ದಿನ ಅವರು ನನ್ನ ಹೆಸರು, ಜಾತಿ, ಸಂಬಳ ಯಾವುದನ್ನೂ ಕೇಳಲಿಲ್ಲ. ಗೇಟಿನಲ್ಲೇ ತಡೆದು, ನನ್ನ ಸುತ್ತ ಒಂದು ಸುತ್ತು ಬಂದು ಮೂಸಿ, "ಅದೇನವ್ವಾ ತಲೆಗೆ ಹಾಕ್ಕಂಡಿರೋದು?" ಎಂದರು.

"ಶಾಂಪೂ."

"ಸೀಗೇಕಾಯಿ ನಾನೇ ಕೊಡ್ತೀನಿ. ಅದ್ರಲ್ಲೇ ತೊಳ್ಕತೀನಿ ಅಂದ್ರೆ ಕೋಣೆ ಐತೆ. ಇಲ್ಲಾ ಅಂದ್ರೆ ರಾಮನಗರದ ಬಸ್ಸು ಇನ್ನೇನು ಬತ್ತದೆ, ಹತ್ಕಂಡು ಹೋಗು."

ಆ ದಿನದ ನನ್ನ ದಿನಚರಿಯಲ್ಲಿ ಇರುವುದು ಇಷ್ಟೇ: "ಕೋಣೆ ಸಿಕ್ಕಿತು. ಶಾಂಪೂ ಇಲ್ಲ." ಅವರು ನನ್ನ ಸುತ್ತ ಬಂದು ಮೂಸಿದ್ದನ್ನು ನಾನೇ ಆಮೇಲೆ ಸೇರಿಸಿಕೊಂಡಿರಬಹುದು. ಆದರೆ ಬೇರೆಯವರನ್ನು ಹಾಗೆ ಮೂಸಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ, ಆದ್ದರಿಂದ ಇರಲಿ ಎಂದು ಬಿಟ್ಟಿದ್ದೇನೆ.

ಅವರು ರೇಷ್ಮೆ ಹುಳು ಸಾಕುತ್ತಿದ್ದರು. ಹುಳುವಿಗೆ ಯಾವ ಘಾಟೂ ಆಗದು ಎಂಬುದು ಅವರ ಕಾನೂನು. ಸೆಂಟು, ಬೀಡಿ, ಊದಿನಕಡ್ಡಿ, ಸೊಳ್ಳೆಬತ್ತಿ ಯಾವುದೂ ಆ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಒಣಮೆಣಸಿನಕಾಯಿ ಹುರಿಯಬೇಕಾದರೆ ಸೊಸೆ ಒಲೆ ಹೊತ್ತುಕೊಂಡು ಹೊಲದ ಬದುವಿಗೆ ಹೋಗಬೇಕಿತ್ತು. ಬಾಗಿಲಲ್ಲಿ ಸುಣ್ಣದ ಪುಡಿಯ ತಟ್ಟೆಯೊಂದು ಇರುತ್ತಿತ್ತು. ಅದರಲ್ಲಿ ಕಾಲಿಟ್ಟೇ ಒಳಗೆ ಬರಬೇಕು. ಸ್ವಂತ ಬೀಗರನ್ನೂ ಅವರು ಬಿಟ್ಟವರಲ್ಲ.

ನಾನು ಆಗ ರಾಮನಗರದ ಕಾಲೇಜೊಂದರಲ್ಲಿ ಚರಿತ್ರೆಯ ಅತಿಥಿ ಉಪನ್ಯಾಸಕಿ. ಮಾಗಡಿ ಕಡೆಯ ಆ ಹಳ್ಳಿಯಲ್ಲಿ ಕೋಣೆ ಹಿಡಿದದ್ದು ನಿಜ ಹೇಳಬೇಕೆಂದರೆ ಮನೆಯ ಆಸೆಗೆ. ಸುತ್ತ ಬಂಡೆಗುಡ್ಡ, ರಾಗಿ ಹೊಲ, ಹಿಪ್ಪುನೇರಳೆ ತೋಟ. ನಡುವೆ ಯಾರೋ ಬೇರೆ ದೇಶದಿಂದ ತಂದು ಮರೆತು ಇಟ್ಟುಹೋದಂಥ ಒಂದು ಮನೆ. ಕಡಿದಾದ ಇಳಿಜಾರಿನ ಚಾವಣಿ. ನಡುಹಾಲಿನಲ್ಲಿ ಬೆಂಕಿಗೂಡು, ಅದರ ಮೇಲೆ ಇಟ್ಟಿಗೆಯ ಹೊಗೆಕೊಳವೆ. ಪಡುವಣ ಗೋಡೆಯ ಎತ್ತರದಲ್ಲಿ ಹಡಗಿನ ಕಿಟಕಿಯಂಥ ಒಂದು ದುಂಡು ಕಿಟಕಿ, ಕಬ್ಬಿಣದ ಚೌಕಟ್ಟಿನದು.

"ದೊರೆ ಕಟ್ಟಿಸಿದ್ದು ಕಣವ್ವಾ," ಎಂದರು ಮೊದಲ ವಾರವೇ. "ಇಂಗ್ಲೆಂಡಿನಲ್ಲಿ ಸಮುದ್ರದ ದಡದ ಹಳ್ಳಿಯೋನಂತೆ. ಅವ್ನ ಮನೆ ಎಂಗಿತ್ತೋ ಅಂಗೇ ಕಟ್ಟಿಸ್ದ. ಸಮುದ್ರ ನೋಡೋಕೆ ಆ ಕಿಟಕಿ."

"ಇಲ್ಲೆಲ್ಲಿ ಸಮುದ್ರ?"

"ಅದ್ಕೇ ಅಳ್ತಾ ಕುಂತಿರ್ತಿದ್ನಂತೆ. ಕೆರೆ ಕೋಡಿ ಬಿದ್ದ ವರ್ಷ ಮಾತ್ರ ನಗ್ತಿದ್ನಂತೆ."

ಇದನ್ನು ಬರೆದುಕೊಂಡೆ. ಮುಂದಿನ ತಿಂಗಳು ಅದೇ ದೊರೆ ಪಾದ್ರಿಯಾಗಿದ್ದ. ಯುಗಾದಿಯ ಹೊತ್ತಿಗೆ ರೈಲು ಹಳಿ ಹಾಕಿಸಲು ಬಂದ ಇಂಜಿನಿಯರ್ ಆಗಿದ್ದ, ಮೀನಿಲ್ಲದೆ ಊಟ ಸೇರದೆ ಒಣಗಿಹೋಗಿದ್ದ. ಒಂದು ದಿನ ಮೂರೂ ಕಥೆಗಳನ್ನು ಓದಿ ಹೇಳಿ, ಯಾವುದು ನಿಜ ಎಂದು ಕೇಳಿದೆ. ಸೊಪ್ಪು ಕತ್ತರಿಸುತ್ತಿದ್ದವರು ಕತ್ತಿ ನಿಲ್ಲಿಸದೆಯೇ, "ಮೂರು ಜನ ಇದ್ರು ಅಂತ ಬರ್ಕೋ. ಮನೆ ದೊಡ್ಡದಲ್ವಾ," ಎಂದರು.

ಬೆಂಕಿಗೂಡಿನ ವಿಷಯದಲ್ಲಿ ಮಾತ್ರ ಅವರಿಗೆ ಅನುಮಾನವೇ ಇರಲಿಲ್ಲ. ಮಾಗಿಯ ಚಳಿಯಲ್ಲಿ ಅಲ್ಲಿ ಇದ್ದಿಲ ಕೆಂಡ ಹಾಕಿ, ಹುಳು ಸಾಕುವ ಆ ನಡುಹಾಲನ್ನು ಬೆಚ್ಚಗಿಡುತ್ತಿದ್ದರು. "ನಮ್ಮ ಹುಳಕ್ಕೇಂತ್ಲೇ ಕಟ್ಟಿಸ್ಬುಟ್ಟು ಹೋಗವ್ನೆ, ಪುಣ್ಯಾತ್ಮ."

ನಡುಹಾಲಿನ ಗೋಡೆಯ ಮೇಲೆ ಕೆಮ್ಮಣ್ಣಿನ ಗೀಟುಗಳಿದ್ದವು. ನಾಲ್ಕು ಗೀಟು, ಒಂದು ಸೊನ್ನೆ. ಮತ್ತೆ ನಾಲ್ಕು ಗೀಟು, ಒಂದು ಸೊನ್ನೆ. ಸಾಲು ಸಾಲಾಗಿ, ಕೆಳಗಿನವು ಮಾಸಿ, ಮೇಲಿನವು ಕೆಂಪಾಗಿ, ನೂರಾರು. ಹುಳುವಿನ ತಟ್ಟೆಗಳ ಸಂದಿಯಿಂದ ಅವನ್ನು ನೋಡುತ್ತ ನಾನು ಎಷ್ಟೋ ಸಂಜೆ ಕಳೆದೆ. ಒಂದು ಸಂಜೆ ಹೊಳೆಯಿತು. ಸಮುದ್ರದಲ್ಲಿ ದಿನಕ್ಕೆ ನಾಲ್ಕು ಸಲ ನೀರು ಏರಿಳಿಯುತ್ತದೆ, ಎರಡು ಭರತ, ಎರಡು ಇಳಿತ. ಸೊನ್ನೆ ಎಂದರೆ ಒಂದು ದಿನ ಮುಗಿಯಿತು. ಸಮುದ್ರವಿಲ್ಲದ ಸೀಮೆಯಲ್ಲಿ ಕುಳಿತ ಆ ಮನುಷ್ಯ ತನ್ನೂರಿನ ಭರತ ಇಳಿತಗಳನ್ನು ಮನಸ್ಸಿನಲ್ಲೇ ಎಣಿಸಿ ಗೋಡೆಗೆ ಬರೆದಿದ್ದಾನೆ. ನನ್ನ ಮೈ ಜುಮ್ಮೆಂದಿತು. ಮೈ ಜುಮ್ಮೆಂದರೆ ಆಧಾರ ಸಿಕ್ಕಿದಂತಲ್ಲ ಎಂದು ವಿದ್ಯಾರ್ಥಿಗಳಿಗೆ ಪಾಠ ಹೇಳುವವಳು ನಾನೇ. ಆದರೂ ಒಂದು ಪತ್ರಿಕೆಯ ಭಾನುವಾರದ ಪುರವಣಿಗೆ ಲೇಖನ ಬರೆದೆ. ಅಚ್ಚಾಯಿತು.

ಲೇಖನವನ್ನು ಓದಿ ಹೇಳಿದಾಗ ಅವರು ಪೂರ್ತಿ ಕೇಳಿ, "ಚೆಂದಾಗೈತೆ. ನನ್ನ ಹುಳದ ಇಸ್ಯಾನೇ ಬರ್ನಿಲ್ವಲ್ಲ," ಎಂದರು, ಅಷ್ಟೇ.

ಎರಡು ತಿಂಗಳ ಮೇಲೆ ಹಳೆಯ ಕಟ್ಟಡಗಳನ್ನು ಕಾಪಾಡುವ ಒಂದು ಸಮಿತಿಯಿಂದ ಪತ್ರ ಬಂತು. ಲೇಖನ ಓದಿದ್ದಾರೆ, ಮನೆ ನೋಡಲು ಬರುತ್ತಾರೆ, ಯೋಗ್ಯವೆನಿಸಿದರೆ ಪಟ್ಟಿಗೆ ಸೇರಿಸುತ್ತಾರೆ. ಕುಣಿದಾಡುತ್ತ ಪತ್ರವನ್ನು ಅವರ ಮುಂದೆ ಓದಿದೆ. ಕೊನೆಯ ಸಾಲಿಗೆ ಬರುವಾಗ ನನ್ನ ದನಿ ತಾನಾಗಿ ತಗ್ಗಿತು. ಪಟ್ಟಿಗೆ ಸೇರಿದ ಕಟ್ಟಡದ ಮುಖ್ಯ ಭಾಗವನ್ನು ತೆರವು ಮಾಡಿಸಿ, ಅಲ್ಲಿ ಒಲೆ, ದನಕರು, ಬೇಸಾಯ ಸಂಬಂಧದ ಯಾವ ಬಳಕೆಗೂ ಅವಕಾಶ ಕೊಡುವುದಿಲ್ಲ.

"ಅಂದ್ರೆ ಹಾಲಲ್ಲಿ ಹುಳ ಸಾಕಂಗಿಲ್ಲ," ಎಂದರು.

"ಬೇರೆ ಶೆಡ್ಡು..."

"ಶೆಡ್ಡಲ್ಲಿ ಬೇಸ್ಗೇಲಿ ಬೆಂದೋಯ್ತವೆ, ಚಳೀಲಿ ಸೆಟೆದೋಯ್ತವೆ. ಈ ಹಾಲಲ್ಲಿ ನಾನು ಒಂದು ಬೆಳೆ ಕಳ್ಕಂಡವಳಲ್ಲ." ಆಮೇಲೆ, "ಯಾವಾಗ ಬತ್ತಾರಂತೆ?" ಎಂದರು.

ಸಮಿತಿಯವರು ಬಂದ ದಿನ ಹುಳುಗಳು ನಾಲ್ಕನೆಯ ಜ್ವರ ಬಿಟ್ಟು ಎದ್ದಿದ್ದವು. ಗೂಡು ಕಟ್ಟುವ ಮುಂಚೆ ಹುಳು ನಾಲ್ಕು ಸಲ ತಿನ್ನುವುದನ್ನು ಬಿಟ್ಟು ಮಲಗಿ ಪೊರೆ ಕಳಚುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಕೊನೆಯ ಜ್ವರ ಬಿಟ್ಟು ಎದ್ದ ಹುಳುವಿನ ಹಸಿವು ಹೇಳತೀರದು. ಹಾಲಿನಲ್ಲಿ ಮಳೆ ಹುಯ್ದಂತೆ ಸೊಪ್ಪು ಮೇಯುವ ಸದ್ದು.

ಜೀಪಿನಿಂದ ಇಳಿದವರು ಮೂವರು: ಅಧ್ಯಕ್ಷರು, ಒಬ್ಬ ಇಂಜಿನಿಯರ್, ಕ್ಯಾಮೆರಾ ಹಿಡಿದ ಒಬ್ಬಾಕೆ. ಅಧ್ಯಕ್ಷರು ನಿವೃತ್ತ ಪ್ರಾಧ್ಯಾಪಕರು, ಘಮಘಮ ಎನ್ನುತ್ತಿದ್ದರು. ಮನೆಯೊಡತಿಯ ಹೊಳ್ಳೆಗಳು ಗೇಟಿನಿಂದಲೇ ಅರಳಿದವು.

"ತಾವು ಇಲ್ಲೇ ನಿಂತ್ಕಳಿ ಸ್ವಾಮಿ. ಅವ್ರಿಬ್ರೂ ಸುಣ್ಣ ಮೆಟ್ಟಿ ಒಳೀಕೆ ಬರ್ಲಿ."

"ಅಮ್ಮಾ, ನಾನು ಸಮಿತಿಯ ಅಧ್ಯಕ್ಷ."

"ಆಗ್ಲಿ ಬುಡಿ. ಹುಳಕ್ಕೇನು ಗೊತ್ತು?"

ಕೊನೆಗೆ ಅಧ್ಯಕ್ಷರು ಹಿತ್ತಲಿನ ತೊಟ್ಟಿಯ ಬಳಿ ಕತ್ತು, ಕಂಕುಳು ತೊಳೆದು, ಸೊಸೆ ತಂದುಕೊಟ್ಟ ತನ್ನ ಗಂಡನ ಅಂಗಿ ತೊಟ್ಟು ಒಳಗೆ ಬಂದರು. ಅಂಗಿ ಹೊಟ್ಟೆಯ ಮೇಲೆ ಗುಂಡಿ ಹಾಕಲು ಬರುತ್ತಿರಲಿಲ್ಲ. ಆದರೂ ಅವರ ಉತ್ಸಾಹ ಇಳಿದಿರಲಿಲ್ಲ. ಬೆಂಕಿಗೂಡನ್ನು ಸವರಿದರು. ನಂತರ ಗೋಡೆಯ ಮುಂದೆ ನಿಂತು, ಗೀಟುಗಳನ್ನು ಬೆರಳಿನಿಂದ ಮುಟ್ಟದೆ ತೋರಿಸುತ್ತ, "ಇದೇ ಅಲ್ಲವೇ ಮೇಡಂ? ಇಂಥ ದಾಖಲೆ ನಾನು ಬೇರೆಲ್ಲೂ ಕಂಡಿಲ್ಲ. ಯಾರೂ ಮುಟ್ಟಬೇಡಿ," ಎಂದರು.

ಮನೆಯೊಡತಿ ಅವರ ಪಕ್ಕಕ್ಕೆ ಬಂದರು. ಸೆರಗಿನ ಗಂಟಿನಿಂದ ಕೆಮ್ಮಣ್ಣಿನ ಹೆಂಟೆ ತೆಗೆದು, ತುದಿಯನ್ನು ಉಗುಳಿನಲ್ಲಿ ಒದ್ದೆ ಮಾಡಿ, ಕೊನೆಯ ಸಾಲಿನ ಮೂರು ಗೀಟುಗಳ ಪಕ್ಕದಲ್ಲಿ ನಾಲ್ಕನೆಯದನ್ನು ಎಳೆದರು.

"ಅಮ್ಮಾ, ಏನು ಮಾಡ್ತಿದ್ದೀರಿ?"

"ನಾಕ್ನೇ ಜ್ವರ ಬುಟ್ಟದೆ, ಬರ್ಕಂಡೆ. ಗೂಡಾದ ಮ್ಯಾಕೆ ಸೊನ್ನೆ ಸುತ್ತೀನಿ."

ಕ್ಯಾಮೆರಾ ಹಿಡಿದಾಕೆ ಕ್ಯಾಮೆರಾ ಇಳಿಸಿದರು. ಅಧ್ಯಕ್ಷರು ನನ್ನ ಕಡೆ ತಿರುಗಿದರು. ಆ ಗೋಡೆಯ ಮುಂದೆ ನಾನು ವರ್ಷವಿಡೀ ಕುಳಿತಿದ್ದೆ, ಆ ಹೆಂಗಸು ಅದೇ ಹಾಲಿನಲ್ಲಿ ದಿನಕ್ಕೆ ಹತ್ತು ಸಲ ಓಡಾಡುತ್ತಿದ್ದರು. ಈ ಗೀಟು ಯಾರದೆಂದು ಒಂದು ಸಲವೂ ಕೇಳಿರಲಿಲ್ಲ.

"ಮನೆ ಯಾರು ಕಟ್ಟಿಸಿದ್ದು ಹಾಗಾದರೆ?" ಎಂದರು ಇಂಜಿನಿಯರ್.

"ನಮ್ಮ ಮಾವ. ನನ್ನ ಕಣ್ಮುಂದೇನೆ. ಗಾರೆ ಕಲ್ಸಿದ್ದು ನಾನೇ."

"ದೊರೆ ಕಟ್ಟಿಸಿದ್ದು ಅಂತ ಮೇಡಂ ಬರೆದಿದ್ದಾರಲ್ಲ?"

"ಓದಿರೋ ಮಗ ಪಾಪ, ಬೇಜಾರು ಕಳೀಲಿ ಅಂತ ಒಂದಷ್ಟು ಕತೆ ಹೇಳ್ತಿದ್ದೆ. ಅವ್ಳು ಪೇಪರಿಗೆ ಹಾಕ್ತಾಳೆ ಅಂತ ನಂಗೇನು ಗೊತ್ತು?"

ಅಧ್ಯಕ್ಷರು ನನ್ನನ್ನೇ ದಿಟ್ಟಿಸಿ, "ನೀವು ಚರಿತ್ರೆ ಕಲಿಸುವವರು. ಬೇರೆ ಯಾವ ಆಧಾರವೂ ಇಲ್ಲವೇ? ಯೋಚಿಸಿ ಹೇಳಿ," ಎಂದರು.

ಒಂದಿತ್ತು. ದುಂಡು ಕಿಟಕಿಯ ಚೌಕಟ್ಟಿನ ಒಳಮೈಯಲ್ಲಿ ಇಂಗ್ಲಿಷ್ ಅಕ್ಷರಗಳಿದ್ದವು. ಏಣಿ ಹಾಕಿ ಹತ್ತಿ, ತುಕ್ಕು ಕೆರೆದು ನಾನೇ ಓದಿದ್ದೆ: ಎರಕ ಹೊಯ್ದ ಕಾರ್ಖಾನೆಯ ಹೆಸರು, ಅದರ ಕೆಳಗೆ ಇಂಗ್ಲೆಂಡಿನ ಕಡಲತೀರದ ಒಂದು ಊರಿನ ಹೆಸರು. ಇದನ್ನು ಇನ್ನೊಂದು ಲೇಖನಕ್ಕೆಂದು ಉಳಿಸಿಕೊಂಡಿದ್ದೆ. ತಲೆ ಎತ್ತಿದೆ. ಕಿಟಕಿ ಕಾಣಲಿಲ್ಲ. ಹುಳು ಹಣ್ಣಾಗಿ ಮೇವು ಬಿಡಲು ಇನ್ನೂ ಐದಾರು ದಿನವಿದ್ದರೂ, ಗೂಡು ಕಟ್ಟಿಸುವ ಬಿದಿರಿನ ದೊಡ್ಡ ಚಂದ್ರಿಕೆಯೊಂದನ್ನು ಅದಕ್ಕೆ ಅಡ್ಡವಾಗಿ ನೇತುಹಾಕಿದ್ದರು. ನಾನು ಮನೆಯೊಡತಿಯ ಕಡೆ ನೋಡಿದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ. ತಟ್ಟೆಯೊಂದರ ಮೇಲೆ ಬಗ್ಗಿ ಸೊಪ್ಪು ಹರಡುತ್ತಿದ್ದರು. ಕೈ ಮಾತ್ರ ಒಂದೇ ಜಾಗದಲ್ಲಿ ಓಡಾಡುತ್ತಿತ್ತು.

"ಗೊತ್ತಿಲ್ಲ ಸರ್," ಎಂದೆ. "ಕೇಳಿದ್ದನ್ನೆಲ್ಲ ನಂಬಿ ಬರೆದೆ. ತಪ್ಪು ನನ್ನದು."

ಅಧ್ಯಕ್ಷರು ಅಂಗಿ ಬದಲಿಸಿಕೊಂಡ ಮೇಲೆ ಮೂವರೂ ಹೊರಟರು. ಜೀಪು ಹತ್ತುವಾಗ ಅಧ್ಯಕ್ಷರು, ಬರೆಯುವ ಮುನ್ನ ಇನ್ನು ಮೇಲಾದರೂ ಪರಿಶೀಲಿಸಬೇಕೆಂದು ನನಗೆ ಹಿತವಚನ ಹೇಳಿದರು. ತಲೆ ಆಡಿಸಿದೆ. ಜೀಪು ತಿರುವು ದಾಟಿದ ಮೇಲೆ ಸೊಸೆ ನಗಲಾರಂಭಿಸಿದವಳು ಕೆಳಗೆ ಕೂತುಬಿಟ್ಟಳು.

ಅಂದು ಮನೆಯೊಡತಿ ಮುದ್ದೆಯ ಜೊತೆಗೆ ನನಗೆ ಎರಡು ಮಿಳ್ಳೆ ತುಪ್ಪ ಹೆಚ್ಚಿಗೆ ಹಾಕಿ, ಎದುರಿಗೆ ಕೂತರು.

"ಸುಳ್ಳು ಹೇಳ್ದೆ ಅಂತ ಬ್ಯಾಸ್ರಾನಾ ಮಗಾ?"

"ಲೇಖನಕ್ಕೆ ಬೇಸರ. ಊರವರೆಲ್ಲ ನಗ್ತಾರೆ."

"ನಗ್ಲಿ ಬುಡು. ನಗೋಕೂ ಒಂದು ಮನೆ ಬೇಕಲ್ಲ ಊರಿಗೆ." ಆಮೇಲೆ ತೀರ ಮಾಮೂಲಿಯಾಗಿ, "ಆ ಕಿಟಕಿ ಅಕ್ಷರ ಒಸಿ ಓದಿ ಹೇಳು. ನಂಗೂ ಅದೇನು ಅಂತ ಗೊತ್ತಿಲ್ಲ," ಎಂದರು.

ಓದಿ ಹೇಳಿದೆ. ಊರಿನ ಹೆಸರನ್ನು ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿದರು. "ಸಮುದ್ರ ನಿಜ್ವಾಗ್ಲೂ ಇತ್ತು ಅನ್ನು," ಎಂದರು. ಅಂದರೆ ಅವರ ಕಥೆಗಳಲ್ಲಿ ನಿಜ ಇದ್ದದ್ದು ಅವರಿಗೂ ಅಂದೇ ತಿಳಿದದ್ದೇನೋ. ಅಥವಾ ಮೊದಲೇ ತಿಳಿದು ನನ್ನನ್ನು ಪರೀಕ್ಷಿಸಿದರೇನೋ. ದಿನಚರಿಯಲ್ಲಿ ಈ ಮಾತನ್ನು ಎರಡು ಕಡೆ ಎರಡು ಬಗೆಯಲ್ಲಿ ಬರೆದಿದ್ದೇನೆ.

ಆ ಸಲದ ಬೆಳೆ ಚೆನ್ನಾಗಿ ಬಂತು. ಮಾರುಕಟ್ಟೆಗೆ ಹೋಗುವ ಮುನ್ನ ಅವರು ನನ್ನ ಅಂಗೈಯಲ್ಲಿ ಒಂದು ಗೂಡು ಇಟ್ಟು, ಕಿವಿಯ ಹತ್ತಿರ ಹಿಡಿದು ಅಲುಗಿಸಿ ನೋಡು ಎಂದರು. ಒಳಗೆ ಹುಳು ಟಕ್ಕೆಂದಿತು. "ಇದು ನಿಂದು. ಮನೆ ಉಳಿಸ್ಕೊಟ್ಟೆ," ಎಂದರು.

ಮರುವರ್ಷ ಬೇರೆ ಕಾಲೇಜಿಗೆ ಹೋದೆ. ಆದರೂ ವರ್ಷಕ್ಕೆರಡು ಸಲ ಹೋಗಿ ಬರುತ್ತಿದ್ದೆ. ಕಳೆದ ವರ್ಷ ಒಂದು ಬೆಳಿಗ್ಗೆ ಸೊಸೆ ಫೋನು ಮಾಡಿದಳು. ಸೊಪ್ಪಿನ ತೋಟದಲ್ಲಿ ಕೂತವರು ಏಳಲೇ ಇಲ್ಲವಂತೆ. ನಾನು ಹೋಗುವ ಹೊತ್ತಿಗೆ ಮಣ್ಣಾಗಿತ್ತು. ಅಂಗಳದಲ್ಲಿ ಪಂಚಾಯಿತಿಯ ಗುಮಾಸ್ತ ಮರಣದ ಅರ್ಜಿ ತುಂಬುತ್ತ ಕುಳಿತಿದ್ದ. ವಯಸ್ಸಿನ ಜಾಗ ಖಾಲಿಯಿತ್ತು.

"ಆಧಾರಲ್ಲಿ ಜನವರಿ ಒಂದು ಅಂತೈತೆ," ಎಂದ ಮಗ. "ನಮ್ಮ ಮನೇಲಿ ಎಲ್ರೂ ಜನವರಿ ಒಂದಕ್ಕೇ ಹುಟ್ಟಿರೋದು. ವರ್ಷಾನೂ ಅಂದಾಜಿಗೆ ಹಾಕ್ಸಿದ್ದು."

ಸೊಸೆ ನನ್ನನ್ನು ಕಂಡು ಎದ್ದಳು. "ಮೇಡಂ ಹೇಳ್ತಾರೆ ಇರಿ. ಅವ್ರು ನಮ್ಮ ಮನೆ ಇಸ್ಯ ಎಲ್ಲ ಬರ್ಕಂಡವ್ರೆ. ಅತ್ತೆಗೆ ಎಷ್ಟಾಗಿತ್ತು ಮೇಡಂ?"

ಗುಮಾಸ್ತ ಪೆನ್ನು ಎತ್ತಿ ಕಾದ. ಮನೆಯ ವಯಸ್ಸನ್ನು ಮೂರು ಬಗೆಯಲ್ಲಿ ಲೆಕ್ಕ ಹಾಕಿದ ಪುಟಗಳು ನನ್ನಲ್ಲಿವೆ. ಅವರ ವಯಸ್ಸನ್ನು ಮಾತ್ರ ನಾನು ಎಂದೂ ಕೇಳಿರಲಿಲ್ಲ.

"ಗೊತ್ತಿಲ್ಲ," ಎಂದೆ. ಆ ಮನೆಯಲ್ಲಿ ನಾನು ಆ ಮಾತು ಹೇಳಿದ್ದು ಎರಡನೆಯ ಸಲ. ಈ ಸಲ ಅದು ನಿಜವಾಗಿತ್ತು.