ಕಮಲಾಪುರದಲ್ಲಿ ಮೊದಲು ಪ್ರಾರ್ಥಿಸಿದವರು ಯಾರು?

ನಮ್ಮ ಚರ್ಚಿನ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳುವವರು ತಮಗೆ ದೇವರ ದನಿ ಕೇಳಿಸಿತು ಎಂದಾಗಲೆಲ್ಲ ನಾನು ಸೆರಗಿನ ಮರೆಯಲ್ಲಿ ನಗುತ್ತಿದ್ದೆ. ಇವರು ಮೊದಲು ಕಿವಿ ಡಾಕ್ಟರ ಹತ್ತಿರ ಹೋಗಬಾರದೇ ಅನಿಸುತ್ತಿತ್ತು. ದೇವರನ್ನು ನಂಬುತ್ತಿದ್ದೆ, ಇಂಥ ಕಥೆಗಳನ್ನು ನಂಬುತ್ತಿರಲಿಲ್ಲ. ಹಾಗಾಗಿ ಈಗ ನಾನು ಹೇಳುವುದನ್ನು ಕೇಳಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಬ್ಲೌಸ್ ಹೊಲಿಯುವ ಅಂಗಡಿ. ಅಲ್ಲಿ ನನ್ನ ಬಾಯಿ ಮುಚ್ಚಿಸುವವರು ಇನ್ನೂ ಹುಟ್ಟಿಲ್ಲ. ಆದರೆ ನಾಲ್ಕು ಜನರ ಮುಂದೆ ಪ್ರಾರ್ಥನೆ ಮಾಡು ಎಂದರೆ ನಾಲಿಗೆ ಒಣಗಿ ಹೋಗುತ್ತಿತ್ತು. ನಮ್ಮಲ್ಲಿ ಸರಪಳಿ ಪ್ರಾರ್ಥನೆ ಅಂತ ಇದೆ. ಎಲ್ಲರೂ ಸುತ್ತ ಕೂತು, ಕಣ್ಣು ಮುಚ್ಚಿ, ಒಬ್ಬರಾದ ಮೇಲೆ ಒಬ್ಬರು ಪ್ರಾರ್ಥಿಸುವುದು. ನನ್ನ ಸರದಿ ಹತ್ತಿರ ಬರುವಷ್ಟರಲ್ಲಿ ನಾನು ಚಹಾ ಕುದಿಸುವ ನೆಪ ಮಾಡಿ ಒಳಗೆ ಸೇರುತ್ತಿದ್ದೆ.

ಅಂಥವಳಿಗೆ ಕೆಲವು ವರ್ಷಗಳ ಹಿಂದೆ ಪಾಸ್ಟರ ಹೆಂಡತಿ ಕಮಲಾಪುರಕ್ಕೆ ಹೋಗೆಂದರು. ಅಲ್ಲಿ ನಮ್ಮ ಸಭೆಯ ಮರಿಯಮ್ಮ ಎಂಬ ಮುದುಕಿ ಹೃದಯದ ಆಪರೇಶನ್ನಿಗೆಂದು ಮರುದಿನ ಕಲಬುರಗಿಯ ಆಸ್ಪತ್ರೆ ಸೇರಬೇಕಿತ್ತು. ಆಕೆಯ ಮಕ್ಕಳಾದ ದೇವಪ್ಪ, ಸಮುವೇಲ ಒಂದೇ ಅಂಗಳದ ಎರಡು ಮನೆಗಳಲ್ಲಿದ್ದೂ ಮಾತು ಬಿಟ್ಟಿದ್ದರು. ದೇವಪ್ಪನ ಮಗಳ ಲಗ್ನಪತ್ರಿಕೆಯಲ್ಲಿ ತಮ್ಮ ಸಮುವೇಲನ ಹೆಸರು ಬಿಟ್ಟುಹೋಗಿತ್ತು. ಅಷ್ಟೇ ಕಾರಣ. ಇಬ್ಬರೂ ಒಟ್ಟಿಗೆ ಕೂತು ಪ್ರಾರ್ಥನೆ ಮಾಡದೆ ತಾನು ಆಸ್ಪತ್ರೆಗೆ ಬರುವುದಿಲ್ಲ ಎಂದು ಮುದುಕಿ ಹಟ ಹಿಡಿದಿದ್ದಳು. ಪಾಸ್ಟರು ಜ್ವರದಲ್ಲಿ ಮಲಗಿದ್ದರು, ಆ ಹೊತ್ತಿಗೆ ಬಸ್ಸು ಹತ್ತಲು ಬಿಡುವಿದ್ದವಳು ನಾನೊಬ್ಬಳೇ.

“ಇದು ನನ್ನ ಕೈಲಿ ಆಗಂಗಿಲ್ರೀ ಅಕ್ಕಾ,” ಎಂದೆ.

“ಆಗಂಗಿಲ್ಲಂತ ನಂಗೂ ಗೊತ್ತದ,” ಎಂದರು ಅವರು. “ಮಾಡಾಂವ ಬ್ಯಾರೆ ಇದ್ದಾನ. ನೀ ಹೋಗಿ ಕೂಡು, ಸಾಕು.”

ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದು ಪ್ರಾರ್ಥನೆಯನ್ನು ಬಾಯಿಪಾಠ ಮಾಡಿದೆ. ಕಮಲಾಪುರದಲ್ಲಿ ಇಳಿಯುವಾಗ ಅದು ಸೀಟಿನ ಮೇಲೆಯೇ ಉಳಿದುಬಿಟ್ಟಿತೋ ಏನೋ, ಒಂದಕ್ಷರವೂ ನೆನಪಾಗಲಿಲ್ಲ.

ಇಳಿಸಂಜೆ. ಮರಿಯಮ್ಮ ಮಂಚದ ಮೇಲೆ ಕೂತಿದ್ದಳು. ಅವಳ ಆಚೆಗೊಬ್ಬ, ಈಚೆಗೊಬ್ಬ ಮಗ, ಇಬ್ಬರ ಮುಖವೂ ಬೇರೆ ಬೇರೆ ಗೋಡೆಯ ಕಡೆಗೆ. ಸೊಸೆಯಂದಿರಿಬ್ಬರು ಬಾಗಿಲ ಬಳಿ ಇದ್ದರು. ಮನೆಯಲ್ಲಿ ಬೇರೆ ಗಂಡಸರು ಯಾರೂ ಇರಲಿಲ್ಲ, ಇದನ್ನು ದಯವಿಟ್ಟು ನೆನಪಿಡಿ. ನಾನು ಮೊದಲು, ಆಮೇಲೆ ಮಕ್ಕಳು, ಕೊನೆಗೆ ಮರಿಯಮ್ಮ ಪ್ರಾರ್ಥಿಸುವುದೆಂದು ಗೊತ್ತುಮಾಡಿ ಎಲ್ಲರೂ ಕಣ್ಣು ಮುಚ್ಚಿದೆವು.

ದೇವರಿಗೆ ವಂದನೆ ಹೇಳಿದೆ. ಬಸ್ಸು ಸಿಕ್ಕಿದ್ದಕ್ಕೆ ವಂದನೆ ಹೇಳಿದೆ. ಮತ್ತೇನೂ ತೋಚದೆ ಮೊದಲಿನ ವಂದನೆಯನ್ನೇ ಇನ್ನೊಮ್ಮೆ ಹೇಳಿದೆ. ಅಲ್ಲಿಗೆ ನನ್ನ ಸರಕು ಮುಗಿಯಿತು. ಆಮೆನ್ ಎನ್ನಲೂ ಧೈರ್ಯ ಬರಲಿಲ್ಲ. ಈ ಮುದುಕಿ ನಾಳೆ ಆಸ್ಪತ್ರೆಗೆ ಬಾರದೆ ಏನಾದರೂ ಆದರೆ ಎಂಬ ಹೆದರಿಕೆ ಬೇರೆ. ಪ್ರಭುವೇ, ನನಗೆ ಬರುವುದು ಇಷ್ಟೇ, ಮುಂದಿನದು ನಿನ್ನದು ಎಂದು ಮನಸ್ಸಿನಲ್ಲೇ ಅಂದು ಸುಮ್ಮನಾದೆ.

ಆಗ ಒಂದು ಗಂಡುದನಿ ಮೆಲ್ಲಗೆ ಶುರುವಾಯಿತು.

“ತಂದೀ, ನಾನೇ ಮೊದಲ ಹೋಗಿ ಮಾತಾಡಿಸಬೇಕಿತ್ತು. ಹೋಗಲಿಲ್ಲ. ನಮ್ಮವ್ವನ ಕಣ್ಣೀರಿಗೆ ನಾನೇ ಕಾರಣ.”

ಸರದಿಯಂತೆ ದೇವಪ್ಪನೇ ಇರಬೇಕು ಎಂದುಕೊಂಡೆ. ಆ ದನಿ ನಿಲ್ಲುವುದರೊಳಗೆ ಅಳು ಕೇಳಿಸಿತು, ಇಬ್ಬರೂ ಒಟ್ಟಿಗೆ ಪ್ರಾರ್ಥಿಸತೊಡಗಿದರು, ಸರದಿ ಗಿರದಿ ಎಲ್ಲ ಕೆಟ್ಟಿತು. ಕಣ್ಣು ತೆರೆದರೆ ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದರು, ಇಬ್ಬರ ತಲೆಯ ಮೇಲೂ ಅವ್ವನ ಕೈ. ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಹಲ್ಲೆಲೂಯ ಎಂದು ಮನೆ ತುಂಬ ಕೇಳುವಂತೆ ಕೂಗಿದವಳು ನಾನೇ.

ಚಹಾ ಕುಡಿಯುವಾಗ ಸಮುವೇಲ ಅಣ್ಣನಿಗೆ ಹೇಳಿದ. “ನೀ ಮೊದಲ ಬಾಯಿ ಬಿಟ್ಟಿ, ಅದಕ್ಕ ನನ್ನ ಕಲ್ಲು ಮನಸು ಕರಗ್ತು.”

ದೇವಪ್ಪ ಬಟ್ಟಲು ಕೆಳಗಿಟ್ಟ. “ನಾ ಎಲ್ಲಿ ಬಿಟ್ಟೀನೋ? ನೀ ಅಂದಿದ್ದು ಕೇಳಿ ನಾ ಅತ್ತೀನಿ.”

ಇಬ್ಬರೂ ನನ್ನ ಕಡೆ ನೋಡಿದರು. ನಾನು ಸೊಸೆಯಂದಿರ ಕಡೆ ನೋಡಿದೆ. ಅವರಿಗೂ ಆ ದನಿ ಕೇಳಿಸಿತ್ತು, ಒಬ್ಬಳಿಗೆ ಭಾವನದೆನಿಸಿತ್ತು, ಇನ್ನೊಬ್ಬಳಿಗೆ ಮೈದುನನದೆನಿಸಿತ್ತು. ಎದ್ದು ಅಂಗಳಕ್ಕೂ ಹೋಗಿ ಬಂದೆ. ಅಲ್ಲಿ ಕಟ್ಟಿದ ಎಮ್ಮೆಯ ಹೊರತು ಯಾರೂ ಇರಲಿಲ್ಲ. ಮರಿಯಮ್ಮ ಮಾತ್ರ ನಿಶ್ಚಿಂತಳಾಗಿದ್ದಳು.

“ಯಾರಂತ ಯಾಕ ಕೇಳ್ತೀರಿ? ಚಹಾ ಆರಾಕತ್ತದ, ಕುಡೀರಿ,” ಎಂದಳು.

ಮರುದಿನ ಅವಳನ್ನು ಇಬ್ಬರು ಮಕ್ಕಳೂ ಹಿಡಿದುಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತಿಸಿದರು. ಆಪರೇಶನ್ ಚೆನ್ನಾಗಿ ಆಯಿತು. ಈಗಲೂ ಮರಿಯಮ್ಮ ಕಮಲಾಪುರದ ಕೆಂಪು ಬಾಳೆಹಣ್ಣು ಹಿಡಿದುಕೊಂಡು ನನ್ನ ಅಂಗಡಿಗೆ ಬರುತ್ತಾಳೆ, ಬ್ಲೌಸಿನ ತೋಳು ಬಿಗಿಯಾಯಿತೆಂದು ಜಗಳ ತೆಗೆಯುತ್ತಾಳೆ. ಸಮುವೇಲನ ಮಗನ ಲಗ್ನಪತ್ರಿಕೆಯಲ್ಲಿ ದೊಡ್ಡಪ್ಪನ ಹೆಸರು ಎಲ್ಲರಿಗಿಂತ ಮೇಲಿತ್ತು.

ಅಣ್ಣತಮ್ಮಂದಿರಲ್ಲಿ ಒಬ್ಬ ತನಗರಿವಿಲ್ಲದೇ ಆಡಿರಬಹುದು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅದನ್ನು ನಂಬಲಾಗುವುದಿಲ್ಲ, ಬೇರೇನು ನಂಬಬೇಕೋ ಅದೂ ತಿಳಿಯದು. ಈಗ ಎಲ್ಲಿಗೆ ಕರೆದರೂ ಹೋಗುತ್ತೇನೆ. ನನಗೆ ಬರುವಷ್ಟು ಪ್ರಾರ್ಥಿಸುತ್ತೇನೆ. ಮಾತು ಮುಗಿದರೆ ಮೊದಲಿನಂತೆ ಹೆದರುವುದಿಲ್ಲ, ಕಣ್ಣು ಮುಚ್ಚಿಕೊಂಡೇ ಕಿವಿಗೊಟ್ಟು ಕೂಡುತ್ತೇನೆ.