ಪಾರ್ವತೆಮ್ಮ ಒತ್ತಿದ ಒಂದು ಸ್ಟಾರ್

ಕೊಪ್ಪಳದ ಭವಾನಿಯ ನೌಕರಿ ಎಂದರೆ ಜನರಿಂದ ಹೊಗಳಿಕೆ ಕೇಳಿ ಪಡೆಯುವುದು. ಹೊಗಳಿಕೆ ಅವಳಿಗಲ್ಲ, ಪಂಪಾಪತಿ ಸಾಹುಕಾರರ ಕಂಪನಿಗೆ. ಹಳೆಯ ಮನೆಗಳಿಗೆ ಹೊಸ ಅಡುಗೆಮನೆ, ಟೈಲ್ಸು, ಸೀಲಿಂಗು ಮಾಡಿಕೊಡುವ ಕಂಪನಿ ಅದು. ಮೇಸ್ತ್ರಿಗಳು ಸಾಮಾನು ಎತ್ತಿಕೊಂಡು ಹೋದ ಮೇಲೆ ಭವಾನಿಯ ಪಾಳಿ. ಮನೆಯವರಿಗೆ ಫೋನ್ ಮಾಡಿ, ಮ್ಯಾಪಿನಲ್ಲಿ ಕಂಪನಿಯ ಹೆಸರಿನ ಮುಂದೆ ಐದು ಸ್ಟಾರ್ ಒತ್ತಿಸಬೇಕು, ಎರಡು ಸಾಲು ಬರೆಸಬೇಕು. ಯಾರಾದರೂ ಬೈದು ಬರೆದರೆ ಕೈಮುಗಿದು ಉತ್ತರ ಕೊಡಬೇಕು.

ಬೈಯುವುದನ್ನು ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಎರಡು ಒಳ್ಳೆಯ ಮಾತು ಬರೆಯಿರಿ ಎಂದರೆ ಮಾತ್ರ ಎಲ್ಲರಿಗೂ ಮನೆಗೆಲಸ ನೆನಪಾಗುತ್ತದೆ. ಕುಷ್ಟಗಿಯವರು "ನಾಳೆ ಹಾಕ್ತೀನ್ರಿ" ಎನ್ನುತ್ತಾರೆ, ಯಲಬುರ್ಗಾದವರು ಫೋನನ್ನೇ ಎತ್ತುವುದಿಲ್ಲ. ದಿನವಿಡೀ ಸಕ್ಕರೆಯಂಥ ದನಿಯಲ್ಲಿ ಬೇಡಿ ಬೇಡಿ ಮನೆಗೆ ಹೋದರೆ ಗಂಡ ಈಶಪ್ಪನ ಜೊತೆ ಮಾತಾಡಲೂ ಅವಳಿಗೆ ಬೇಸರ. 'ಹೂಂ', 'ಊಹೂಂ' ಎರಡರಲ್ಲೇ ಸಂಸಾರ ನಡೆದಿದೆ.

ಮೊನ್ನೆ ಬೆಳಿಗ್ಗೆ ಪಂಪಾಪತಿ ಫೋನನ್ನು ಅವಳ ಮುಂದೆ ಹಿಡಿದರು.

"ಇದೇನ್ರಿ ಭವಾನಿಯವರ? ಮರಳಿ ಊರಿನ ಪಾರ್ವತೆಮ್ಮ ಅನ್ನಾಕಿ ಬರೇ ಒಂದು ಸ್ಟಾರ್ ಒತ್ಯಾಳ. ಆ ಮನಿ ಟೈಲ್ಸ್ ಹಾಕಿದಾಂವ ಸಾದಿಕ ಹೌದಲ್ಲ? ಹುಲಿಗಿ ಲಾಡ್ಜಿನ ಕೆಲಸಕ್ಕ ಅವನ್ನ ಹಚ್ಚೂದು ಬ್ಯಾಡ. ಬ್ಯಾರೆ ಮೇಸ್ತ್ರಿ ನೋಡೂಣು."

ಹುಲಿಗಿಯ ಕೆಲಸ ನಂಬಿಕೊಂಡು ಸಾದಿಕ ಬೇರೆಯವರಿಗೆಲ್ಲ ಇಲ್ಲವೆಂದು ಕುಳಿತಿದ್ದ. ಅವನ ಕೈಕೆಲಸದಲ್ಲಿ ಕೊಂಕು ತೆಗೆದವರನ್ನು ಭವಾನಿ ಕಂಡಿರಲಿಲ್ಲ.

"ಸಾಹುಕಾರ್ರ, ನಾ ಹೋಗಿ ಕೇಳಿ ಬರ್ತೀನ್ರಿ."

"ಹೋಗ್ರಿ. ಆದ್ರ ಸಂಜಿತನಕ ಅಷ್ಟ ಕಾಯ್ತೀನಿ ನೋಡ್ರಿ."

ಗಂಗಾವತಿಯ ಬಸ್ಸಿನಲ್ಲಿ ನಿಂತೇ ಹೋಗಿ, ಅಲ್ಲಿಂದ ಆಟೋ ಹಿಡಿದು ಮರಳಿ ಊರು ಮುಟ್ಟುವಷ್ಟರಲ್ಲಿ ಅವಳ ಸೊಂಟ ಹಿಡಿದುಕೊಂಡಿತ್ತು. ಪಾರ್ವತೆಮ್ಮ ಮಾತ್ರ ಮಗಳೇ ಬಂದಳೆನ್ನುವಂತೆ ಕೈಹಿಡಿದು ಒಳಗೆ ಕರೆದೊಯ್ದಳು. ಹೊಸ ಅಡುಗೆಕಟ್ಟೆಯನ್ನು ಸೆರಗಿನಿಂದ ಒರೆಸಿ ತೋರಿಸಿದಳು. ಟೈಲ್ಸಿನ ಸಂದಿಯಲ್ಲಿ ಉಗುರು ಕೂಡ ತಡೆಯದಷ್ಟು ಅಚ್ಚುಕಟ್ಟು. ಮಂಡಕ್ಕಿ ಒಗ್ಗರಣೆ ಬಂತು, ಚಹಾ ಬಂತು.

"ಕೆಲಸದಾಗ ಏನ್ ತಪ್ಪಾಗೈತ್ರಿ ಅಮ್ಮಾ?" ಭವಾನಿ ಕೇಳಿದಳು.

"ತಪ್ಪಾ? ಆ ಸಾದಿಕನ ಕೈಗೆ ಬಂಗಾರದ ಕಡಗ ಹಾಕಬೇಕವ್ವಾ!"

"ಮತ್ತ ಒಂದು ಸ್ಟಾರ್ ಯಾಕ ಕೊಟ್ರಿ?"

ಪಾರ್ವತೆಮ್ಮ ದನಿ ತಗ್ಗಿಸಿದಳು. "ಭಾಳ ಛಲೋ ಆಗೈತಿ ಅಂತ ಮಂದಿಗೆಲ್ಲಾ ಕಾಣೂವಂಗ ಬರದ್ರ ನದರ ಬೀಳಂಗಿಲ್ಲೇನು? ಕೂಸಿನ ಗಲ್ಲಕ್ಕ ಕಪ್ಪು ಹಚ್ಚಂಗಿಲ್ಲೇನು? ಹಂಗ ಒಂದು ಒತ್ತಿ ಬಿಟ್ಟೀನಿ."

ಭವಾನಿಗೆ ನಗು ಬರಬೇಕಿತ್ತು, ಅಳು ಬಂದಂತಾಯಿತು. ಸಾದಿಕನ ಕೆಲಸ ಹೋಗುವ ಸಂಗತಿ ಹೇಳಿದಳು. ಪಾರ್ವತೆಮ್ಮನ ಮುಖ ಸಪ್ಪಗಾಯಿತು. ಸೊಸೆಯಾಗಿ ಬಂದಂದಿನಿಂದ ಹೊಗೆಯಲ್ಲಿ ಕೆಮ್ಮುತ್ತಲೇ ಆಸೆಪಟ್ಟ ಅಡುಗೆಮನೆ ಅದು. ಅದರ ಗೋಡೆಯನ್ನು ಒಮ್ಮೆ ದಿಟ್ಟಿಸಿ ನೋಡಿ, ಫೋನ್ ತೆಗೆದುಕೊಂಡಳು.

"ಒಬ್ಬರ ಹೊಟ್ಟಿ ಮ್ಯಾಲೆ ಹೊಡದು ನನ್ನ ಮನಿ ಕಾಯೂದು ಬ್ಯಾಡ" ಎಂದು ಐದನ್ನೂ ಒತ್ತಿದಳು. ಒತ್ತಿದವಳೇ ಫೋನನ್ನು ಮಗುಚಿಟ್ಟಳು.

ಸಾದಿಕ ಉಳಿದ. ಆದರೆ ಈ ಮುದುಕಿಯ ನೆಮ್ಮದಿಯನ್ನು ಕಿತ್ತುಕೊಂಡು ಹೊರಟೆನಲ್ಲ ಎಂದು ಭವಾನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹೊರಡಲು ಎದ್ದವಳನ್ನು ಪಾರ್ವತೆಮ್ಮ ಅಂಗಳದಲ್ಲಿ ತಡೆದಳು.

"ಒತ್ತಿಸಿದಾಕಿ ನೀನು, ನದರ ತೆಗಿಯಾಕೀನೂ ನೀನ. ಓಣಿಗೆಲ್ಲಾ ಕೇಳೂವಂಗ ನನ್ನ ಮನಿ ಬೈದು ಹೋಗು."

"ಅಯ್ಯ, ನಾ ಹೆಂಗ ಬೈಲ್ರಿ ಅಮ್ಮಾ?"

"ನಾಚಬ್ಯಾಡ, ಬೈಯವ್ವಾ."

ಭವಾನಿ ಮೆಲ್ಲಗೆ, "ಏನ್ ಮನಿ ಇದು" ಎಂದಳು. ಸಾಲದು ಎಂದು ಪಾರ್ವತೆಮ್ಮ ತಲೆಯಲ್ಲಾಡಿಸಿದಳು.

"ಹೊಲಸ್ ಮನಿ! ಸೊಟ್ಟ ಗ್ವಾಡಿ! ಇಂಥಾ ಅಡಿಗಿಮನ್ಯಾಗ ನಾಯಿನೂ ಗಂಜಿ ಕುಡಿಯಂಗಿಲ್ಲ!" ಭವಾನಿಯ ದನಿ ತಾನಾಗಿಯೇ ಏರಿತು. ಎದುರು ಮನೆಯವರು ಹೊರಗೆ ಬಂದು ನಿಂತರು. ಬೈಯುತ್ತ ಬೈಯುತ್ತ ಭವಾನಿ ಮನೆಯನ್ನೇ ಮರೆತಳು. "ಮಂದಿ ಕಾಲು ಹಿಡದು ಹಿಡದು ನನ್ನ ಜೀವ ಹೋತು! ಸಾಕಾಗೈತಿ ನನಗ, ಸಾಕಾಗೈತಿ!"

ಕಣ್ಣೀರು ಧಾರಾಕಾರವಾಗಿ ಇಳಿಯುತ್ತಿತ್ತು. ಪಾರ್ವತೆಮ್ಮ ಹತ್ತಿರ ಬಂದು ಅವಳ ಬೆನ್ನು ಸವರಿದಳು.

"ನಿಂದರಬ್ಯಾಡವ್ವಾ, ಬೈಯಿ. ನಿನ್ನ ಹೊಟ್ಟ್ಯಾಗ ಇನ್ನೂ ಭಾಳ ಐತಿ."